ಅಂಗೈಯ ಯಂತ್ರಕ್ಕೆ ಕನ್ನಡ ಬಂದ ಬಾಗಿಲು

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನಾನು ಎಂದಿನಂತೆ ಕೇಶಿರಾಜನ ಸೂತ್ರವೊಂದನ್ನೋ ಷಟ್ಪದಿಯ ಗಣವಿಚಾರವನ್ನೋ ಎತ್ತಿಕೊಳ್ಳುವೆನೆಂದು ಅವರು ಎಣಿಸಿದ್ದರೆ ಅದು ಸಹಜವೇ. ಆದರೆ ಈ ಬಾರಿ ನಾನು ಆರಿಸಿಕೊಂಡಿರುವ ವಿಷಯ ಸ್ಮಾರ್ಟ್‌ಫೋನ್. ಪಂಡಿತರಿಗೆ ಈ ಉಸಾಬರಿ ಏಕೆ ಬೇಕಿತ್ತೆಂದು ಹಳೆಯ ವಿದ್ಯಾರ್ಥಿಗಳು ನಗಬಹುದು, ನಗಲಿ. ಅಕ್ಷರ ಎಲ್ಲೆಲ್ಲಿ ಹೋಗುತ್ತದೆಯೋ ಅಲ್ಲೆಲ್ಲ ಅಕ್ಷರ ಕಲಿಸಿದವನ ಚಿಂತೆಯೂ ಹಿಂಬಾಲಿಸುತ್ತದೆ. ಅದೂ ಅಲ್ಲದೆ, ಈ ಯಂತ್ರದ ದೆಸೆಯಿಂದ ನಾನೊಮ್ಮೆ ಮಾಡಿದ ತಪ್ಪೊಂದನ್ನು ಒಪ್ಪಿಕೊಳ್ಳುವುದು ಬಹಳ ದಿನದಿಂದ ಬಾಕಿ ಉಳಿದಿದೆ.

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆಯಿರುವ ಓಣಿಯಲ್ಲೇ ಒಬ್ಬ ತಾಯಿ ಇದ್ದಾರೆ. ನಾಲ್ಕನೆಯ ತರಗತಿಯವರೆಗೆ ಓದಿದವರು. ಕನ್ನಡವನ್ನು ಕೂಡಿಸಿಕೊಂಡು ಚೆನ್ನಾಗಿ ಓದಬಲ್ಲರು. ಇಂಗ್ಲಿಷಿನ ಅಕ್ಷರ ಮಾತ್ರ ತಿಳಿಯದು. ಅವರ ಒಬ್ಬನೇ ಮಗ ನಮ್ಮ ಶಾಲೆಯಲ್ಲಿ ನನ್ನ ಕೈಯಲ್ಲೇ ಕನ್ನಡ ಕಲಿತು, ಇಂಜಿನಿಯರಿಂಗ್ ಮುಗಿಸಿ, ಅಮೆರಿಕಕ್ಕೆ ಹೋದವನು. ಅವನು ಅಲ್ಲಿಂದ ವಾಟ್ಸಾಪಿನಲ್ಲಿ ತಾಯಿಗೆ ಬರೆಯುತ್ತಿದ್ದುದು ಕನ್ನಡವನ್ನೇ, ಆದರೆ ಇಂಗ್ಲಿಷಿನ ಅಕ್ಷರಗಳಲ್ಲಿ. ಆದಕಾರಣ ಸಂದೇಶ ಬಂದಾಗಲೆಲ್ಲ ಆ ತಾಯಿ ಫೋನನ್ನು ಸೆರಗಿನಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬರುವರು. "ಮೇಷ್ಟ್ರೆ, ಹುಡುಗ ಏನೋ ಬರ್ದಾನೆ, ಒಂಚೂರು ನೋಡಿ ಹೇಳ್ರಿ" ಎನ್ನುವರು. ನಾನು ಓದಿ ಹೇಳುವೆನು. ಮಗ ತಾಯಿಗೆ ಬರೆದ ಮಾತುಗಳೆಲ್ಲ ಹೀಗೆ ಮೊದಲು ನನ್ನ ಕಣ್ಣಿಗೆ ಬಿದ್ದು, ಆಮೇಲೆ ಅವರ ಕಿವಿಗೆ ಬೀಳುತ್ತಿದ್ದವು.

2013ರ ದೀಪಾವಳಿಗೆ ಐದಾರು ದಿನವಿರುವಾಗ ಬಂದ ಸಂದೇಶವೊಂದನ್ನು ನಾನು ಓದಿದ್ದು ಹೀಗೆ: "ಈ ಸಾಲ ಬರೋದಿಲ್ಲಮ್ಮ, ಬೇಜಾರು ಮಾಡ್ಕೋಬೇಡ." ಹರಿಹರದಲ್ಲಿರುವ ಅವರ ಹಳೆಯ ಮನೆಯ ಮಾಳಿಗೆ ರಿಪೇರಿಗೆಂದು ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದ್ದ ಸಂಗತಿ ನನಗೆ ಗೊತ್ತಿದ್ದುದರಿಂದ ನನಗೆ ಎಳ್ಳಷ್ಟೂ ಸಂದೇಹ ಬರಲಿಲ್ಲ. ಆ ತಾಯಿ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡ್ರಿ, ಸಾಲ ಬರ್ದಿದ್ರೆ ಏನಾತು, ಹುಡುಗ ಬರ್ತಾನಲ್ಲ" ಎಂದು ಎದ್ದುಹೋದರು. ಮನೆಗೆ ಸುಣ್ಣ ಬಳಿಸಿದರು. ಕರ್ಚಿಕಾಯಿ ಕರಿದು ಡಬ್ಬಿ ತುಂಬಿಸಿದರು. ಹಬ್ಬದ ದಿನ ಹುಡುಗ ಬರಲಿಲ್ಲ. ಫೋನಿನಲ್ಲಿ ಕೇಳಿದರೆ, "ಬರೋದಿಲ್ಲ ಅಂತ ಮೆಸೇಜ್ ಮಾಡಿದ್ದೆನಲ್ಲಮ್ಮ" ಎಂದನಂತೆ. ಅವನು ಬರೆದಿದ್ದುದು "ಈ ಸಲ." ಎಸ್, ಎ, ಎಲ್, ಎ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಸಲವೂ ಒಂದೇ, ಸಾಲವೂ ಒಂದೇ. ಹ್ರಸ್ವ ದೀರ್ಘಗಳ ಭೇದವನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಬೋಧಿಸಿದ ನಾನೇ ಒಂದು ದೀರ್ಘದಲ್ಲಿ ಮುಗ್ಗರಿಸಿ ಒಂದು ಮನೆಯ ಹಬ್ಬವನ್ನು ಕೆಡಿಸಿದ್ದೆ.

ಮುಂದಿನ ಬೇಸಿಗೆಯಲ್ಲಿ ಆ ಹುಡುಗ ಊರಿಗೆ ಬಂದಾಗ ಅವನನ್ನು ಸ್ವಲ್ಪ ಗದರಿಸಿಯೇ ಕೇಳಿದೆ: "ಅಲ್ಲಯ್ಯ, ಕನ್ನಡದಲ್ಲಿ ತರಗತಿಗೇ ಮೊದಲಿಗನಾಗಿದ್ದವನು ನೀನು. ತಾಯಿಗೆ ಕನ್ನಡ ಅಕ್ಷರದಲ್ಲಿ ಬರೆಯಲು ಏನು ಧಾಡಿ?" ಅವನು ಜೇಬಿನಿಂದ ಐಫೋನನ್ನು ತೆಗೆದು ನನ್ನ ಮುಂದೆ ಹಿಡಿದು, "ಇದರಲ್ಲಿ ಕನ್ನಡ ಕೀಲಿಮಣೆ ಇಲ್ಲ ಗುರುಗಳೇ. ಇವರೂ ಕೊಟ್ಟಿಲ್ಲ, ಬೇರೆಯವರು ಮಾಡಿದ್ದನ್ನು ಹಾಕಿಕೊಳ್ಳಲೂ ಬಿಡುವುದಿಲ್ಲ" ಎಂದನು. ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದ. "ಬೇರೆಯವರು" ಯಾರು? ಅವರನ್ನು ಬಿಡಲು ಇವರು ಯಾರು? ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ಮಾರಿದವನಿಗೆ ಇನ್ನೂ ಏತರ ಹಕ್ಕು? ಅವನು ನನಗೆ ಬಿಡಿಸಿ ಹೇಳಿದ್ದನ್ನೂ, ಆಮೇಲೆ ನಾನಾಗಿ ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ನಿವೇದಿಸುತ್ತೇನೆ.

ವ್ಯವಹಾರದ ಭಾಷೆಯಲ್ಲಿ ಇಂಥವರಿಗೆ ಮೂರನೆಯವರು ಎಂದು ಹೆಸರು. ಯಂತ್ರವನ್ನು ಮಾಡಿದವನು ಮೊದಲನೆಯವನು, ಕೊಂಡವನು ಎರಡನೆಯವನು. ಆ ಯಂತ್ರದೊಳಗೆ ನಡೆಯುವ ತಂತ್ರಾಂಶವನ್ನು ತನ್ನ ಬುದ್ಧಿಯಿಂದ ರಚಿಸಿ ಕೊಡುವ ಹೊರಗಿನ ಕುಶಲಿಗನು ಮೂರನೆಯವನು. ನಮ್ಮ ಸೀಮೆಯವರಿಗೆ ಇದು ಹೊಸದೇನೂ ಅಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೆ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದರೂ ಅಲ್ಲಿಯ ಲೇತ್‌ಗಳು ಇನ್ನೂ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಕಿರ್ಲೋಸ್ಕರ್‌ನವರು ಲೇತ್ ಮಾರಿದರು. ಅದಕ್ಕೆ ಯಾವ ಟೂಲ್ ಕಟ್ಟಬೇಕು, ಅದರಲ್ಲಿ ಪಂಪಿನ ದಂಡ ಕಡೆಯಬೇಕೋ ಎತ್ತಿನ ಗಾಡಿಯ ಅಚ್ಚು ಕಡೆಯಬೇಕೋ ಎಂಬುದನ್ನು ಅವರು ಗೊತ್ತುಮಾಡಲಿಲ್ಲ. ವರ್ಕ್‌ಶಾಪಿನವನು ತನಗೆ ಬೇಕಾದ ಉಳಿಯನ್ನು ತಾನೇ ಮಸೆದುಕೊಂಡ. ಇಲ್ಲವೆ ಪಕ್ಕದ ಬೀದಿಯವನಿಂದ ಮಾಡಿಸಿಕೊಂಡ. "ನಮ್ಮ ಅಂಗಡಿಯಲ್ಲಿ ಮುದ್ರೆ ಒತ್ತಿಸಿಕೊಂಡ ಉಳಿಯನ್ನಲ್ಲದೆ ಬೇರೆ ಉಳಿಯನ್ನು ಈ ಲೇತ್ ಹಿಡಿಯುವುದಿಲ್ಲ" ಎಂಬ ಕಟ್ಟಳೆಯಿದ್ದಿದ್ದರೆ ನಮ್ಮ ಕಡೆಯ ಅರ್ಧ ವರ್ಕ್‌ಶಾಪುಗಳು ಹುಟ್ಟುತ್ತಲೇ ಇರಲಿಲ್ಲ.

ಕನ್ನಡವು ಗಣಕಯಂತ್ರಕ್ಕೆ ಬಂದುದೂ ಇಂಥ ತೆರೆದ ಬಾಗಿಲಿನಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಮೇಜಿನ ಮೇಲಿನ ಗಣಕದಲ್ಲಿ ಯಾರು ಬೇಕಾದರೂ ತಂತ್ರಾಂಶ ಬರೆದು ಹಾಕಬಹುದಾಗಿತ್ತು. ನಾಡೋಜ ಕೆ.ಪಿ. ರಾವ್ ಅವರು ಇಂಗ್ಲಿಷಿನ ಅವೇ ಕೀಲಿಗಳಲ್ಲಿ ಕನ್ನಡದ ಸಮಸ್ತ ವರ್ಣಮಾಲೆಯನ್ನೂ ವ್ಯಾಕರಣದ ನಡೆಗೆ ಒಪ್ಪುವಂತೆ ಹೊಂದಿಸಿ ತೋರಿಸಿದರು. ರಾಜ್ಯ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ ಆ ವಿನ್ಯಾಸವೇ ಆಧಾರ. ಕನ್ನಡ ಗಣಕ ಪರಿಷತ್ತಿನವರು ನುಡಿಯನ್ನು ಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ ಬರಹವನ್ನು ಹೊರತಂದರು. ನಮ್ಮ ಶಾಲೆಯ ಪ್ರಶ್ನಪತ್ರಿಕೆಗಳಲ್ಲಿ ಎಷ್ಟೋ ಇವುಗಳಿಂದಲೇ ಅಚ್ಚಾದವು. ಇವರಾರೂ ಗಣಕಯಂತ್ರವನ್ನು ತಯಾರಿಸಿ ಮಾರುವ ಕಂಪನಿಯವರಲ್ಲ. ಎಲ್ಲರೂ ಮೂರನೆಯವರೇ.

ಇನ್ನು ಫೋನಿನ ಕಥೆ. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಐಫೋನನ್ನು ಮೊದಲ ಬಾರಿಗೆ ಜನರಿಗೆ ತೋರಿಸಿದರು. ಕೀಲಿಗಳೇ ಇಲ್ಲದ, ಬರಿಯ ಗಾಜಿನ ಮೇಲೆ ಬೆರಳಾಡಿಸುವ ಯಂತ್ರ. ಅದೇ ಜೂನ್ 29ರಂದು ಅಮೆರಿಕದಲ್ಲಿ ಮಾರಾಟ ಶುರುವಾಯಿತು. ಒಳಗೆ ಒಂದು ಸಣ್ಣ ಗಣಕವೇ ಇದ್ದರೂ, ಸಂಸ್ಥೆಯವರು ತಾವೇ ಹಾಕಿ ಕಳುಹಿಸಿದ ಕೆಲವು ತಂತ್ರಾಂಶಗಳ ಹೊರತು ಬೇರೆ ಯಾವುದಕ್ಕೂ ಅದರಲ್ಲಿ ಎಡೆಯಿರಲಿಲ್ಲ. ಹೊರಗಿನವರು ಏನಾದರೂ ಮಾಡಬೇಕೆಂದರೆ ಅಂತರ್ಜಾಲದ ಪುಟದ ರೂಪದಲ್ಲಿ ಮಾಡಲಿ, ಫೋನಿನ ಒಳಕ್ಕೆ ಬರುವುದು ಬೇಡ ಎಂಬುದು ಅವರ ಅಂದಿನ ನಿಲುವು. ನ್ಯಾಯವಾಗಿ ಹೇಳುವುದಾದರೆ, ಹೊರಗಿನ ತಂತ್ರಾಂಶಕ್ಕೆ ಅವಕಾಶ ಕೊಟ್ಟ ಫೋನುಗಳು ಅದಕ್ಕೂ ಮೊದಲೇ ಇದ್ದವು. ನೋಕಿಯಾದ ಸಿಂಬಿಯನ್ ಸೆಟ್ಟುಗಳಲ್ಲಿ ಅದು ಸಾಧ್ಯವಿತ್ತು. ಆದರೂ ಎಲ್ಲರ ಕಣ್ಣೂ ಈ ಗಾಜಿನ ಯಂತ್ರದ ಮೇಲೆಯೇ ನೆಟ್ಟಿತ್ತು.

ಮುಚ್ಚಿದ ಬಾಗಿಲು ಕಂಡರೆ ತಟ್ಟುವವರು ಇದ್ದೇ ಇರುತ್ತಾರೆ. ಕೆಲವೇ ವಾರಗಳಲ್ಲಿ ಜಾಣ ಹುಡುಗರು ಬೀಗ ಒಡೆದು ತಮ್ಮ ತಂತ್ರಾಂಶಗಳನ್ನು ಒಳಗೆ ತೂರಿಸತೊಡಗಿದರು. ಸಂಸ್ಥೆಯವರು ಸೆಪ್ಟೆಂಬರಿನಲ್ಲಿ ಹೊಸ ಆವೃತ್ತಿಯೊಂದನ್ನು ಕಳುಹಿಸಿದಾಗ ಹಾಗೆ ಬೀಗ ಒಡೆಸಿಕೊಂಡ ಫೋನುಗಳಲ್ಲಿ ಹಲವು ಕೆಲಸಕ್ಕೆ ಬಾರದ ಇಟ್ಟಿಗೆಯಂತಾದವು. ಕೊಂಡವರು ಸಿಟ್ಟಾದರು. ಕೊನೆಗೆ 2007ರ ಅಕ್ಟೋಬರ್ 17ರಂದು ಜಾಬ್ಸ್ ಒಂದು ಬಹಿರಂಗ ಪತ್ರ ಬರೆದು, ಹೊರಗಿನವರಿಗೆ ಬೇಕಾದ ಉಪಕರಣಗಳ ಗಂಟನ್ನು ಬರುವ ಫೆಬ್ರವರಿಯಲ್ಲಿ ಕೊಡುವುದಾಗಿ ಪ್ರಕಟಿಸಿದರು. ಫೋನಿಗೆ ವೈರಸ್ಸು ತಗಲದಂತೆಯೂ ಬಾಗಿಲು ತೆರೆದಿರುವಂತೆಯೂ ಮಾಡುವುದು ಕಷ್ಟದ ಕೆಲಸ, ಅದಕ್ಕಾಗಿ ಕಾಲ ಬೇಕು ಎಂಬುದು ಅವರ ಸಮಾಧಾನ. ಆ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ.

ಆ ನಾಲ್ಕೈದು ತಿಂಗಳ ನಿರೀಕ್ಷೆಯ ಒಂದು ತುಣುಕನ್ನು ನಾನೂ ಕಂಡಿದ್ದೇನೆ. 2008ರ ಸಂಕ್ರಾಂತಿಯ ಸುಮಾರಿಗೆ ಬೆಂಗಳೂರಿನ ತಂತ್ರಾಂಶ ಕಚೇರಿಯೊಂದರಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಗೆ ಬಂದಿದ್ದನು. ಅವನ ಕೈಯಲ್ಲಿ ಐಫೋನ್ ಇರಲಿಲ್ಲ; ನಮ್ಮ ದೇಶದಲ್ಲಿ ಅದಿನ್ನೂ ಮಾರಾಟಕ್ಕೇ ಬಂದಿರಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿ ಕುಳಿತು, ಹಾಜರಿ ಪುಸ್ತಕದ ಹಿಂದಿನ ಕಾಗದದ ಮೇಲೆ ಆ ಗಾಜಿನ ಚೌಕವನ್ನು ಬರೆದು, "ಬಾಗಿಲು ತೆಗೆದ ಮೇಲೆ ಇಲ್ಲಿ ಕನ್ನಡ ನಿಘಂಟು ಇಡಬಹುದು, ಇಲ್ಲಿ ಪಂಚಾಂಗ" ಎಂದು ಗೆರೆ ಎಳೆದು ತೋರಿಸಿದನು. ಕಟ್ಟದ ಮನೆಯಲ್ಲಿ ಕೋಣೆ ಹಂಚಿಕೊಳ್ಳುವ ಅವನ ಉತ್ಸಾಹ ಕಂಡು ನಾವೆಲ್ಲ ನಕ್ಕೆವು. ಅವನು ತನ್ನ ಪಂಚಾಂಗವನ್ನು ಮಾಡಲೇ ಇಲ್ಲ. ಬೇರೆಯವರು ಆಮೇಲೆ ಹತ್ತಾರು ಮಾಡಿದರು.

ಫೆಬ್ರವರಿ ಎಂದದ್ದು ಮಾರ್ಚ್ ಆಯಿತು. 2008ರ ಮಾರ್ಚ್ 6ರಂದು ಉಪಕರಣಗಳ ಗಂಟು ಬಿಡುಗಡೆಯಾಯಿತು. ಮೊದಲ ನಾಲ್ಕು ದಿನಗಳಲ್ಲೇ 1 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಇಳಿಸಿಕೊಂಡರು. ಜುಲೈನಲ್ಲಿ ಸುಮಾರು 500 ಆ್ಯಪುಗಳೊಡನೆ ಅವರ ಅಂಗಡಿ ತೆರೆಯಿತು; ಮೊದಲ ವಾರಾಂತ್ಯದಲ್ಲೇ 1 ಕೋಟಿ ಸಲ ಆ್ಯಪುಗಳು ಇಳಿದವು. ಆಗಸ್ಟ್ 22ರಂದು ಐಫೋನ್ ಭಾರತಕ್ಕೂ ಬಂದಿತು. ಬೆಲೆ 31,000 ರೂಪಾಯಿ. ಅಂದು ನನ್ನ ಎರಡು ತಿಂಗಳ ಸಂಬಳ ಕೂಡಿಸಿದರೂ ಸಾಲದಷ್ಟು. ಇತ್ತ ಗೂಗಲ್ ಮತ್ತಿತರ ಸಂಸ್ಥೆಗಳು ಕೂಡಿ 2007ರ ನವೆಂಬರಿನಲ್ಲೇ ಆಂಡ್ರಾಯ್ಡ್ ಎಂಬ ಮತ್ತೊಂದು ವ್ಯವಸ್ಥೆಯನ್ನು ಘೋಷಿಸಿ, ಆರಂಭದಿಂದಲೇ ಹೊರಗಿನವರನ್ನು ಕರೆದಿದ್ದವು.

ಇಷ್ಟಾದ ಮೇಲೆ ಕನ್ನಡದ ದಾರಿ ಸುಗಮವಾಯಿತೆಂದು ವಾಚಕರು ಭಾವಿಸಬಹುದು. ಆಗಲಿಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಕನ್ನಡದ ಅಕ್ಷರವು ಯಂತ್ರದೊಳಗೆ ಹೇಗೆ ಕುಳಿತಿರುತ್ತದೆಂಬುದನ್ನು ನೋಡಬೇಕು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ರಸವತ್ತಾದ ಭಾಗ ಇದೇ.

ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆ 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಮೀಸಲಾಗಿತ್ತು. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪಗಳಾಗುವ ನಮ್ಮ ಲಿಪಿಗೆ 128 ಮನೆ ಹೇಗೆ ಸಾಕು? ಸಾಕು. ಏಕೆಂದರೆ ಅಲ್ಲಿ ಇಟ್ಟಿರುವುದು ರೂಪವನ್ನಲ್ಲ, ವರ್ಣವನ್ನು. "ಸ್ತ್ರೀ" ಎಂದು ಕಣ್ಣಿಗೆ ಕಾಣುವ ಒಂದೇ ಅಕ್ಷರವು ಯಂತ್ರದೊಳಗೆ ಸಕಾರ, ಹಲಂತ ಚಿಹ್ನೆ, ತಕಾರ, ಮತ್ತೆ ಹಲಂತ ಚಿಹ್ನೆ, ರಕಾರ, ಈಕಾರದ ಚಿಹ್ನೆ ಎಂಬ ಆರು ಸಂಕೇತಗಳ ಸಾಲಾಗಿ ನಿಂತಿರುತ್ತದೆ. ಸ್ವರ ಸೇರದ ವ್ಯಂಜನ, ವ್ಯಂಜನದ ಮೇಲೆ ವ್ಯಂಜನ ಬಂದರೆ ಸಂಯುಕ್ತಾಕ್ಷರ ಎಂದು ನಾವು ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸುವ ಪಾಠವೇ ಅದು. ಇದನ್ನು ಮೊದಲ ಸಲ ಕೇಳಿದಾಗ ಯಂತ್ರಕ್ಕೆ ನಮ್ಮ ವ್ಯಾಕರಣವನ್ನು ಯಾರು ಕಲಿಸಿದರೆಂದು ನನಗೆ ಬೆರಗಾಯಿತು.

ಆದರೆ ಆರು ಸಂಕೇತಗಳನ್ನು ಕೂಡಿಸಿ ಒಂದು ರೂಪವಾಗಿ ತೋರಿಸುವ ಕೆಲಸವನ್ನು ಫೋನಿನ ಒಳಗಣ ಮೂಲ ವ್ಯವಸ್ಥೆಯೇ ಮಾಡಬೇಕು. ಅದಕ್ಕೆ ಅಕ್ಷರವಿನ್ಯಾಸ ತಿಳಿಯದಿದ್ದರೆ ಒತ್ತುಗಳು ಚದರಿ ಬೀಳುತ್ತವೆ. ಅಚ್ಚೇ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣುತ್ತವೆ. ನಾನು ಮೊದಲು ಕೊಂಡ ಆಂಡ್ರಾಯ್ಡ್ ಫೋನಿನಲ್ಲಿ ಹೀಗೇ ಆಯಿತು. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಮನೆಗೆ ತಂದು ತೆರೆದರೆ ಕನ್ನಡವಿರಬೇಕಾದಲ್ಲೆಲ್ಲ ಸಾಲುಸಾಲು ಚೌಕಗಳು. ಅಂಗಡಿಗೆ ಹಿಂದಿರುಗಿ ಕೇಳಿದರೆ, "ಇಂಗ್ಲಿಷ್ ಚೆನ್ನಾಗಿ ಬರ್ತದಲ್ಲ ಸರ್" ಎಂಬ ಉತ್ತರ. ಆಂಡ್ರಾಯ್ಡಿನವರು 2009ರಲ್ಲೇ ಹೊರಗಿನವರ ಕೀಲಿಮಣೆಗೆ ಅವಕಾಶ ಕೊಟ್ಟಿದ್ದರು. ಆದರೆ ಒತ್ತಿದ ಕನ್ನಡವನ್ನು ನೆಟ್ಟಗೆ ತೋರಿಸುವ ಶಕ್ತಿ ಅದಕ್ಕೆ ಸಾಮಾನ್ಯವಾಗಿ ಬಂದದ್ದು 2012ರಲ್ಲಿ 4.1ನೆಯ ಆವೃತ್ತಿ ಬಂದ ಅನಂತರ. ಐಫೋನಿನ ಪಾಡು ಇದಕ್ಕೆ ತಿರುಗುಮುರುಗು. ಅದು ಕನ್ನಡವನ್ನು ಅಂದವಾಗಿ ತೋರಿಸುತ್ತಿತ್ತು, ಬರೆಯಲು ಮಾತ್ರ ಬಿಡುತ್ತಿರಲಿಲ್ಲ. ಒಂದಕ್ಕೆ ಕೈಯಿದ್ದು ಕಣ್ಣಿಲ್ಲ, ಇನ್ನೊಂದಕ್ಕೆ ಕಣ್ಣಿದ್ದು ಕೈಯಿಲ್ಲ.

2008ರಲ್ಲೇ ಬಾಗಿಲು ತೆರೆದ ಐಫೋನಿನಲ್ಲಿ ಕೀಲಿಮಣೆಗೆ ಮಾತ್ರ ಏಕೆ ತಡೆ? ನಮ್ಮ ಪ್ರಸಾದನಿಲಯವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಐಫೋನಿನಲ್ಲಿ ಪ್ರತಿಯೊಂದು ಆ್ಯಪಿಗೂ ಒಂದೊಂದು ಕೋಣೆ. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ನಿಘಂಟಿನ ಆ್ಯಪು ಬ್ಯಾಂಕಿನ ಆ್ಯಪಿನಲ್ಲಿ ಏನಿದೆಯೆಂದು ಇಣುಕಲಾರದು. ಇದು ಒಳ್ಳೆಯ ಕಟ್ಟಳೆಯೇ. ಆದರೆ ಕೀಲಿಮಣೆಯೆಂಬುದು ಒಂದು ಕೋಣೆಯ ವಾಸಿಯಲ್ಲ. ಪಂಕ್ತಿಯಲ್ಲಿ ಬಡಿಸುವವನ ಹಾಗೆ ಎಲ್ಲರ ಎಲೆಯ ಮುಂದೆಯೂ ಬರಬೇಕಾದದ್ದು. ಪತ್ರ ಬರೆಯುವಲ್ಲಿಯೂ ಅದು ಬೇಕು, ವಾಟ್ಸಾಪಿನಲ್ಲಿಯೂ ಬೇಕು, ಹುಡುಕುವಲ್ಲಿಯೂ ಬೇಕು. ಕೋಣೆಗಳಿಗೆ ಬೀಗ ಹಾಕಿದ ಮೇಲೆ ಹೊರಗಿನ ಬಡಿಸುವವನಿಗೆ ಎಡೆಯೆಲ್ಲಿ? ಹೀಗಾಗಿ ಕೆಲವರು ಮಾಡಿದ ಉಪಾಯವೆಂದರೆ, ಕನ್ನಡ ಬರೆಯುವುದಕ್ಕೆಂದೇ ಒಂದು ಆ್ಯಪು ಮಾಡಿ, ಅದರ ಕೋಣೆಯಲ್ಲಿ ಬರೆದದ್ದನ್ನು ನಕಲು ತೆಗೆದು ಇನ್ನೊಂದು ಕೋಣೆಗೆ ಒಯ್ದು ಅಂಟಿಸುವುದು. "ಊಟ ಆಯ್ತಾ ಅಮ್ಮ" ಎಂಬಷ್ಟನ್ನು ಕೇಳಲು ಮೂರು ಸಲ ಬಾಗಿಲು ದಾಟಬೇಕಾದರೆ ದುಡಿದು ದಣಿದ ಹುಡುಗ ಎಷ್ಟು ದಿನ ದಾಟಿಯಾನು? ಅವನು ಇಂಗ್ಲಿಷ್ ಅಕ್ಷರಕ್ಕೆ ಶರಣಾದುದು ಉದಾಸೀನದಿಂದಲ್ಲ ಎಂಬುದು ನನಗೆ ಆಗ ತಿಳಿಯಿತು.

ಕನ್ನಡದ ಕೀಲಿಮಣೆಯನ್ನು ಆ ಸಂಸ್ಥೆಯವರೇ ಮಾಡಬಹುದಿತ್ತಲ್ಲ ಎಂದರೆ, ಮಾಡಿದರು. 2017ರ ಸೆಪ್ಟೆಂಬರಿನಲ್ಲಿ ಹನ್ನೊಂದನೆಯ ಆವೃತ್ತಿಯೊಡನೆ ಕನ್ನಡ, ಮಲಯಾಳ, ಒಡಿಯಾ ಕೀಲಿಮಣೆಗಳು ಬಂದವು. ಅಂದರೆ ಮೊದಲ ಐಫೋನ್ ಮಾರಾಟವಾದ ಹತ್ತು ವರ್ಷಗಳ ಮೇಲೆ. ಇದರಲ್ಲಿ ಯಾರದೋ ದ್ವೇಷವನ್ನು ಕಾಣಬೇಕಾಗಿಲ್ಲ. ದೂರದಲ್ಲಿ ಕುಳಿತ ತಯಾರಕನು ಲೋಕದ ಭಾಷೆಗಳನ್ನು ತನ್ನ ಗಿರಾಕಿಗಳ ಲೆಕ್ಕದಿಂದ ಸಾಲಾಗಿ ನಿಲ್ಲಿಸುತ್ತಾನೆ. ಕೋಟಿಗಟ್ಟಲೆ ಜನ ಆಡುವ ಭಾಷೆಯೂ ಆ ಸಾಲಿನಲ್ಲಿ ಎಲ್ಲೋ ಹಿಂದೆ ನಿಂತಿರಬಹುದು. ತಯಾರಕನ ಪಾಳಿಗಾಗಿ ಕಾಯದೆ ಆ ಭಾಷೆಯ ಮಗನೊಬ್ಬನು ತಾನೇ ಕೈಯಿಕ್ಕಲು ಎಡೆಯಿದೆಯೇ ಎಂಬುದಷ್ಟೇ ನಮಗೆ ಮುಖ್ಯವಾದ ಪ್ರಶ್ನೆ. ಆಂಡ್ರಾಯ್ಡಿನಲ್ಲಿ ಆ ಎಡೆ ಇದ್ದುದರಿಂದಲೇ ಜಸ್ಟ್ ಕನ್ನಡದಂಥ ಕೀಲಿಮಣೆಗಳನ್ನು ಕನ್ನಡಿಗರೇ ಮಾಡಿ ಹಂಚಿದರು. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ಕಟ್ಟಿದ ಇಂಡಿಕ್ ಕೀಬೋರ್ಡಿನಲ್ಲಿ ಮಲಯಾಳದ ಜೊತೆಗೆ ಕನ್ನಡಕ್ಕೂ ಸ್ಥಾನ ದೊರೆಯಿತು. ಪಕ್ಕದ ಮನೆಯವರು ತಮ್ಮ ಬಾವಿ ತೋಡುವಾಗ ನಮ್ಮ ಕೊಡಕ್ಕೂ ಹಗ್ಗ ಕೊಟ್ಟಂತಾಯಿತು.

ಹೊರಗಿನವರು ಸೇರಿಸುವುದು ಮೂಲಕ್ಕೆ ಅಪಚಾರವೆಂಬ ಭಾವನೆ ನಮ್ಮ ಶಾಸ್ತ್ರಪರಂಪರೆಯಲ್ಲಂತೂ ಇಲ್ಲ. ಪಾಣಿನಿಯ ಸುಮಾರು 4000 ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕಗಳನ್ನು ಸೇರಿಸಿದನು. ಪತಂಜಲಿಯು ಎರಡನ್ನೂ ಹಿಡಿದು ಭಾಷ್ಯ ಬರೆದನು. ಸೂತ್ರಕಾರನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಆದರೆ ಸೂತ್ರವನ್ನು ಒಂದಕ್ಷರ ತಿದ್ದಲೂ ಇಲ್ಲ. ಅಷ್ಟಾಧ್ಯಾಯಿಯ ಮಾತು ಬಂದುದರಿಂದ ನಮ್ಮ ನೆರೆಯ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ವ್ಯಾಕರಣವನ್ನು ಗಣಕಕ್ಕೆ ಅಳವಡಿಸಿ ಗಣಕಾಷ್ಟಾಧ್ಯಾಯೀ ಎಂಬ ತಂತ್ರಾಂಶವನ್ನು ರೂಪಿಸಿದುದನ್ನು ಇಲ್ಲಿಯ ಹಿರಿಯ ಉಪಾಧ್ಯಾಯರು ಬಲ್ಲರು. ಶಿವಶರಣರ ವಚನಗಳನ್ನು ಬೆರಳ ತುದಿಯಲ್ಲಿ ಹುಡುಕಿಕೊಳ್ಳುವಂತೆ ಮಾಡಿದ ಆ್ಯಪು ಕೂಡ ಆ ಮಠದಿಂದಲೇ ಹೊರಟಿದೆ. ಸಿರಿಗೆರೆಯಲ್ಲಿ ಸಿದ್ಧವಾದ ವಸ್ತು ಎಲ್ಲಿಯೋ ತಯಾರಾದ ಫೋನಿನೊಳಗೆ ಕೂರುವುದೆಂದರೆ, ಮೂರನೆಯವರಿಗೆ ತೆರೆದ ಬಾಗಿಲಿನಿಂದಲ್ಲದೆ ಬೇರೆ ಹೇಗೆ?

ಹಾಗೆಂದು ಬಾಗಿಲು ತೆರೆದವನು ಬಾಗಿಲನ್ನು ಕಿತ್ತು ಎಸೆದನೆಂದು ತಿಳಿಯಬಾರದು. ಬಾಗಿಲಲ್ಲಿ ಅವನೇ ಕುಳಿತಿದ್ದಾನೆ. ಆ್ಯಪಲ್‌ನವರ ಅಂಗಡಿಯಲ್ಲಿ ಆ್ಯಪು ಇಡಬೇಕೆಂದರೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಅವರು ಪರೀಕ್ಷಿಸಿ ಒಪ್ಪಬೇಕು. ಮಾರಿದ ಹಣದಲ್ಲಿ ನೂರಕ್ಕೆ 30ರಷ್ಟನ್ನು ಅವರು ಮುರಿದುಕೊಳ್ಳುವುದು 2008ರಲ್ಲಿ ಹಾಕಿದ ಪದ್ಧತಿ. ಸಣ್ಣವರಿಗೆ ಆಮೇಲೆ ಕಡಮೆ ಮಾಡಿದ್ದುಂಟು. ಗೂಗಲ್‌ನವರ ಅಂಗಡಿಯ ಹಣ ವಸೂಲಿಯ ಕ್ರಮ ನ್ಯಾಯಸಮ್ಮತವಲ್ಲವೆಂದು ನಮ್ಮ ದೇಶದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ 936.44 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ ಬಹಳ ಇಳಿಯಿತು. ಯುರೋಪಿನ ಒಕ್ಕೂಟದವರು ಕಾನೂನು ಮಾಡಿ, 2024ರ ಮಾರ್ಚಿನಿಂದ ತಮ್ಮ ನಾಡುಗಳಲ್ಲಿ ಐಫೋನಿಗೆ ಬೇರೆಯವರ ಅಂಗಡಿಯಿಂದಲೂ ಆ್ಯಪು ಹಾಕಿಕೊಳ್ಳುವಂತೆ ಮಾಡಿದರು. ಸುಂಕದ ಕಟ್ಟೆಯ ಜಗಳ ಮುಗಿಯುವಂಥದಲ್ಲ. ನಾನು ಅದರಲ್ಲಿ ಪಂಡಿತನೂ ಅಲ್ಲ.

ಆದರೆ ಕೀಲಿಮಣೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಎಲ್ಲರ ಎಲೆಯ ಮುಂದೆಯೂ ಬರುವ ಬಡಿಸುವವನು ಎಲ್ಲರ ಮಾತನ್ನೂ ಕೇಳಿಸಿಕೊಳ್ಳಬಲ್ಲನು. ನೀವು ಒತ್ತುವ ಪ್ರತಿಯೊಂದು ಅಕ್ಷರವೂ ಕೀಲಿಮಣೆಯ ಮೂಲಕವೇ ಹಾದುಹೋಗುತ್ತದೆ. ಅದಕ್ಕಾಗಿಯೇ ಐಫೋನಿನಲ್ಲಿ ಗುಪ್ತಪದ ಬರೆಯುವ ಜಾಗಕ್ಕೆ ಬಂದೊಡನೆ ಹೊರಗಿನ ಕೀಲಿಮಣೆ ಹಿಂದೆ ಸರಿದು ಯಂತ್ರದ ಸ್ವಂತ ಕೀಲಿಮಣೆ ಮುಂದೆ ಬರುತ್ತದೆ. ಅಂತರ್ಜಾಲದ ಸಂಪರ್ಕವನ್ನು ಹೊರಗಿನ ಕೀಲಿಮಣೆಗೆ ಕೊಡಬೇಕೋ ಬೇಡವೋ ಎಂದು ನಿಮ್ಮನ್ನೇ ಬೇರೆಯಾಗಿ ಕೇಳುತ್ತದೆ. ಕಾರಣ ತಿಳಿಯದೆ ಒಪ್ಪಿಗೆಯ ಗುಂಡಿ ಒತ್ತಬೇಡಿರೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಯಾರು ಮಾಡಿದ್ದೆಂದು ಗೊತ್ತಿರುವ, ಮಾಡಿದ ಬಗೆಯನ್ನು ಬಯಲಿಗಿಟ್ಟಿರುವ ಕೀಲಿಮಣೆ ಲೇಸು. ಮತ್ತೊಂದು ಮಾತನ್ನು ದಾನಿಗಳಾದ ಮಹನೀಯರು ಮನ್ನಿಸಬೇಕು. ತಾವು ಉದಾರವಾಗಿ ಕೊಟ್ಟ ಗಣಕಗಳು ಎಷ್ಟೋ ಶಾಲೆಗಳಲ್ಲಿ ಸಾಲಾಗಿ ಕುಳಿತಿವೆ. ಕನ್ನಡದ ಕೀಲಿಮಣೆಯನ್ನು ಅವುಗಳಲ್ಲಿ ಆಯ್ದಿಡುವ ಹತ್ತು ನಿಮಿಷದ ಕೆಲಸ ಮಾತ್ರ ಆಗಿರುವುದಿಲ್ಲ. ಈಗ ಬಾಗಿಲು ಮುಚ್ಚಿದವರು ಅಮೆರಿಕದವರಲ್ಲ.

ಅಸ್ತು. ಆ ಹುಡುಗನು ಬೇಸಿಗೆಯ ರಜೆ ಮುಗಿಸಿ ಹಿಂದಿರುಗಿದ ಸ್ವಲ್ಪ ದಿನಕ್ಕೆ, 2014ರ ಜೂನ್ 2ರಂದು, ಎಂಟನೆಯ ಆವೃತ್ತಿಯಲ್ಲಿ ಹೊರಗಿನವರ ಕೀಲಿಮಣೆಗೂ ಅವಕಾಶ ಕೊಡುವುದಾಗಿ ಆ್ಯಪಲ್‌ನವರು ಪ್ರಕಟಿಸಿದರು. ಅವನು ಅಂದೇ ನನಗೆ ಫೋನ್ ಮಾಡಿ, "ಗುರುಗಳೇ, ಸೆಪ್ಟೆಂಬರಿಗೆ ಬಾಗಿಲು ತೆಗೀತಾರಂತೆ" ಎಂದನು. ಆರು ವರ್ಷದ ಹಿಂದೆ ಹಾಜರಿ ಪುಸ್ತಕದ ಕಾಗದದ ಮೇಲೆ ಗೆರೆ ಎಳೆದವನ ಧ್ವನಿಯಲ್ಲಿದ್ದ ಉತ್ಸಾಹವೇ ಇವನ ಧ್ವನಿಯಲ್ಲಿಯೂ ಇತ್ತು. ಈ ಬಾರಿ ನಾನು ನಗಲಿಲ್ಲ. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಆ ತಾಯಿ ಮೊದಲಿನಂತೆ ಫೋನು ಹಿಡಿದು ಬರುವರು. ನಾನು ಪ್ರತಿಯೊಂದು ಶಬ್ದವನ್ನೂ ಹ್ರಸ್ವವಿಟ್ಟೊಮ್ಮೆ ದೀರ್ಘವಿಟ್ಟೊಮ್ಮೆ ಓದಿ, ಸಂದೇಹ ಬಂದರೆ "ಒಂದು ಸಲ ಫೋನ್ ಮಾಡಿ ಕೇಳಿಬಿಡ್ರಿ ತಾಯಿ" ಎನ್ನುವೆನು. ಸೆಪ್ಟೆಂಬರ್ 17ರಂದು ಎಂಟನೆಯ ಆವೃತ್ತಿ ಬಂದಿತು. ಆದರೆ ಬಾಗಿಲು ತೆರೆದ ಕ್ಷಣವೇ ಕನ್ನಡ ಒಳಗೆ ಬರುವುದಿಲ್ಲ. ಹೊತ್ತು ತರುವವರು ಬರಬೇಕಷ್ಟೆ. ಅವನು ಒಂದೆರಡು ಕೀಲಿಮಣೆಗಳನ್ನು ಹಾಕಿ ನೋಡಿ, ಒತ್ತಕ್ಷರ ಸರಿಹೋಗದೆ ತೆಗೆದುಹಾಕಿ, ತಕ್ಕುದೊಂದನ್ನು ಹಿಡಿಯುವ ಹೊತ್ತಿಗೆ ಆ ವರ್ಷ ಮುಗಿಯುತ್ತ ಬಂದಿತ್ತು.

ಆ ದಿನಗಳಲ್ಲಿ ಸುಮಾರು ಎರಡು ವಾರ ಆ ತಾಯಿ ನಮ್ಮ ಮನೆಗೆ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ. ಒಂದು ಸಂಜೆ ಶಾಲೆಯಿಂದ ಬರುವಾಗ ನೋಡಿದರೆ, ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಫೋನನ್ನು ದೂರ ಹಿಡಿದು, ತುಟಿ ಅಲುಗಿಸುತ್ತ ಓದುತ್ತಿದ್ದಾರೆ. ನಿಂತು, "ಏನು ಬರೆದಿದ್ದಾನೆ ತಾಯಿ ಹುಡುಗ?" ಎಂದು ರೂಢಿಯಂತೆ ಕೈ ಚಾಚಿದೆನು. ಅವರು ಫೋನನ್ನು ಸೆರಗಿನೊಳಗೆ ಸರಿಸಿಕೊಂಡು, "ಅದು ನಂಗೆ ಬರ್ದಿದ್ದು ಮೇಷ್ಟ್ರೆ" ಎಂದು ನಕ್ಕು, "ಕಾಫಿ ಕುಡ್ದು ಹೋಗ್ರಿ" ಎಂದು ಒಳಗೆ ಎದ್ದುಹೋದರು.